ಕೆಂಪು ಪಟ್ಟಿಯ ಕರಿ ಕೋಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ಅತ್ತಿಗೆ ಹಾಸಿಗೆಯನ್ನೇ ಬಿಚ್ಚಿ, ತುಂಡು ಸೇರಿಸಿ ಉದ್ದ ಮಾಡೋ ಪೈಕಿ. ಹಳೇ ಬಟ್ಟೆ ಬಜಾರಿನ ರಾಶಿಯಿಂದ ಅವಳು ಎಳೆದು ತಂದದ್ದೇ ನಮ್ಮ ಮನೆಯವರ ಮೈಮೇಲಿರೋದು. ಅಣ್ಣನ ಶರ್ಟು, ಅಮ್ಮನ ಸ್ವೆಟರು, ನನ್ನ ಸ್ಕರ್ಟು. “ಯಾರು ಹಾಕಿ ಬಿಟ್ಟಿದ್ದೋ” ಅಂತ ನಾನು ಮೂಗು ಮುರಿದರೆ, “ಒಗೆದ ಮೇಲೆ ನಿನ್ನದೇ, ಹಾಕ್ಕೋ ಮಹಾರಾಣಿ” ಅಂತಾಳೆ. ತನಗೆ ಅಂತ ಮಾತ್ರ ಅವಳು ಒಂದು ಹೊಲಿಗೆ ಹಾಕಿಕೊಂಡದ್ದನ್ನ ನಾನು ನೋಡಿರಲಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದವಳು. ಮೆಟ್ಟಿಲಿಂದ ಬಿದ್ದು ಬಲ ಭುಜದ ಮೂಳೆ ಮುರಿದು ವಾರೆಯಾಗಿ ಕೂಡಿಕೊಂಡಿತು, ಆ ಭುಜ ಕೆಳಗೆ ಜಾರಿತು. ಅಷ್ಟಕ್ಕೇ ಮಾಲೀಕ ಅವಳನ್ನ ಒಳಗಿನ ಕೋಣೆಗೆ ತಳ್ಳಿದ, ಗಾಜು ಒರೆಸೋಕೆ. ಈಗ ಕೌಂಟರಿನ ಕುರ್ಚಿ ಮತ್ತೆ ಖಾಲಿಯಾಗಿದೆ. ಅದನ್ನ ಇವಳು ಕೇಳಿದ್ದಕ್ಕೆ ಆ ಮನುಷ್ಯ ಹೇಳಿದ್ದೇನು ಗೊತ್ತಾ? “ಸೋಮವಾರ ಕರಿ ಕೋಟು ಹಾಕ್ಕೊಂಡು ಬಾಮ್ಮ, ನೋಡೋಣ. ಎದುರಿಗೆ ಕೂರೋರು ನೆಟ್ಟಗೆ ಕಾಣಬೇಕು.” ಕೇಳಿ ನನಗೆ ಮೈಯೆಲ್ಲ ಉರಿದುಹೋಯ್ತು. “ಅವನ ಮುಖಕ್ಕೆ ಎಸೆದು ಬಾ ಕೆಲಸಾನ” ಅಂದೆ. “ಎಸೆಯೋಕಲ್ಲ, ತಗೊಳ್ಳೋಕೆ ಹೋಗ್ತಿರೋದು” ಅಂದಳು.

ರಾಶಿಯಲ್ಲಿ ಸಿಕ್ಕಿದ್ದು ಗಂಡಸರ ಕೋಟು. ಅದರೊಳಗೆ ನಾವಿಬ್ಬರೂ ಸಂಸಾರ ಮಾಡಬಹುದಿತ್ತು. ಅತ್ತಿಗೆ ಪಕ್ಕ ಹಿಡಿದು ಚಿಕ್ಕದು ಮಾಡಿದಳು, ತೋಳು ಮೋಟು ಮಾಡಿದಳು. ಬಲ ಭುಜದ ಮೇಲೆ ಬಟ್ಟೆ ಜೋಲುತ್ತಿತ್ತು. ಭಾನುವಾರ ಬೆಳಿಗ್ಗೆ ಕೋಟನ್ನ ಒಳಮೈ ಹೊರಗೆ ಮಾಡಿ ಹಾಕಿಕೊಂಡು ನಿಂತು, “ಜೋಲೋ ಕಡೆ ಹಿಡಿದು ಪಿನ್ನು ಚುಚ್ಚು” ಅಂದಳು. ಅವಳು ನಮ್ಮೆಲ್ಲರಿಗೂ ಅಳತೆ ಹಿಡಿಯೋದು ಹಾಗೇ. ಚುಚ್ಚಿದೆ. ಅವಳು ಹೊಲಿದಳು, ದಪ್ಪ ಬಟ್ಟೆ ಉಬ್ಬಬಾರದು ಅಂತ ಒಳಗಿನ ಹೆಚ್ಚುವರಿಯನ್ನ ಕತ್ತರಿಸಿ ಬಿಸಾಡಿದಳು. ಆಮೇಲೆ ಕೋಟು ತಿರುವಿ ಹಾಕಿಕೊಂಡಳು.

ಅಯ್ಯಯ್ಯೋ! ಕೋಟು ತಿರುವಿದ ಮೇಲೆ ಎಡ ಬಲಕ್ಕೆ, ಬಲ ಎಡಕ್ಕೆ ಹೋಗುತ್ತಲ್ಲ! ಎತ್ತರದ ಎಡ ಭುಜ ಬಿಗಿದು ಕಿವಿಗೆ ಏರಿತ್ತು, ಬಲಗಡೆ ಜೋಲು ಹಾಗೇ ಇತ್ತು. ಎರಡು ಭುಜ ಸಮ ಇರೋ ನಮಗೆ ಹೊಲಿಯುವಾಗ ಇದು ಯಾವತ್ತೂ ಅಡ್ಡ ಬಂದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಅತ್ತಿಗೆ ಕನ್ನಡಿ ಮುಂದೆ ನಿಂತಳು. ಕಣ್ಣು ತುಂಬಿತ್ತು. ನನಗೂ ಅಳು ಬಂತು, ಅದಕ್ಕೇ ಬೈದೆ. “ಒಬ್ಬಳು ಟೈಲರಂತೆ, ಟೈಲರು!” ಅವಳು ಮೂಗು ಒರೆಸಿಕೊಂಡು ಕೂತು ಹೊಲಿಗೆ ಬಿಚ್ಚತೊಡಗಿದಳು.

ಬಲ ಭುಜವನ್ನ ಸರಿಯಾಗಿ ಹಿಡಿದಾಯ್ತು. ಎಡಗಡೆ ಕತ್ತರಿಸಿದ ಜಾಗಕ್ಕೆ ಪಟ್ಟಿ ಕೂಡಿಸಬೇಕು. ತೋಳಿನಿಂದ ಕತ್ತರಿಸಿದ ಕಪ್ಪು ತುಂಡು ಕೊಟ್ಟೆ. ಬೇಡ ಅಂದು ಅಣ್ಣನ ಹರಿದ ಕೆಂಪು ಶರ್ಟು ಎಳೆದುಕೊಂಡಳು.

“ಹುಚ್ಚು ಹಿಡೀತಾ? ಎಲ್ಲರ ಕಣ್ಣೂ ಭುಜಕ್ಕೇ ಹೋಗುತ್ತೆ!”

“ತೋಳಿನ ತುದಿ ತಿಕ್ಕಿ ತಿಕ್ಕಿ ಮಾಸಿದೆ, ಭುಜದ ಕಪ್ಪಿಗೆ ಕೂಡಲ್ಲ ಕಣೇ. ಕಪ್ಪು ಹಾಕಿದರೆ ತೇಪೆ ಅಂತಾರೆ, ಕೆಂಪು ಹಾಕಿದರೆ ಫ್ಯಾಷನ್ ಅಂತಾರೆ. ಹೋಗಲಿ ಬಿಡು, ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿದೆ ನನಗೆ.”

ಸೋಮವಾರ ನನ್ನ ಕನ್ನಡಕದ ತಿರುಪು ಸಡಿಲ ಅಂತ ನೆಪ ಹೇಳಿ ನಾನೂ ಅವಳ ಬೆನ್ನಿಗೇ ಅಂಗಡಿಗೆ ಹೋದೆ. ಮಾಲೀಕ ಅವಳನ್ನ ಮೇಲಿಂದ ಕೆಳಗೆ ನೋಡಿದ. “ಇದೇನಮ್ಮ, ಒಂದೇ ಭುಜಕ್ಕೆ ಕೆಂಪು?”

“ಎರಡು ಭುಜವೂ ಒಂದೇ ಥರ ಇಲ್ವಲ್ಲ ಸಾರ್. ಬಲಗಡೆದು ವಾರೆ. ನೋಡಿ ಆಯ್ತಲ್ಲ, ಇನ್ನು ಕೆಲಸ ಶುರು ಮಾಡಲಾ?”

ಅವನು ಬಾಯಿ ತೆರೆಯೋದರೊಳಗೆ ಒಬ್ಬ ಅಜ್ಜಿ ಒಳಗೆ ಬಂದು ಕನ್ನಡಕವನ್ನ ಕೌಂಟರಿನ ಮೇಲೆ ಕುಕ್ಕಿದರು. “ನಿಮ್ಮ ಕನ್ನಡಕ ಸೊಟ್ಟ!” ಅತ್ತಿಗೆ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟಳು. ಕನ್ನಡಕವನ್ನ ಅಜ್ಜಿಗೆ ಹಾಕಿ ನೋಡಿ, ತೆಗೆದು ಒಂದು ಕಡ್ಡಿಯನ್ನ ಮಾತ್ರ ಬಿಸಿ ಮಾಡಿ ಚೂರು ಬಗ್ಗಿಸಿದಳು. “ಕನ್ನಡಕ ಸೊಟ್ಟ ಅಲ್ಲ ಅಜ್ಜಿ, ನಿಮ್ಮ ಕಿವಿ ಒಂದು ಮೇಲೆ, ಒಂದು ಕೆಳಗೆ. ಯಾರದೂ ಸಮ ಇರಲ್ಲ ಬಿಡಿ, ನಮ್ಮ ಸಾರ್‌ದೂ ಅಷ್ಟೇ.”

ಅಜ್ಜಿ ಕನ್ನಡಕ ಏರಿಸಿಕೊಂಡು ಮಾಲೀಕನ ಕಿವಿ ನೋಡಿ, “ಹೌದಲ್ಲ!” ಅಂದರು. ಆ ಮನುಷ್ಯ ಕಿವಿ ಮುಟ್ಟಿಕೊಂಡು ಒಳಗೆ ಹೋದ. ಏಳು ಅಂತ ಮಾತ್ರ ಹೇಳಲಿಲ್ಲ.

ಮುಂದಿನ ವಾರ ಮತ್ತೆ ಹೋದೆ. ಅತ್ತಿಗೆ ಅದೇ ಕುರ್ಚಿಯಲ್ಲಿ ಕೂತು, ಬರೀ ಸೀರೆ, ತೆಳು ಬಿಳಿ ರವಿಕೆಯಲ್ಲಿ ಗಿರಾಕಿಯ ಜೊತೆ ಮಾತಾಡ್ತಿದ್ದಳು, ವಾರೆ ಭುಜ ಇದ್ದ ಹಾಗೇ ಕಾಣ್ತಿತ್ತು. ಅಷ್ಟು ಕಷ್ಟಪಟ್ಟು ಹೊಲಿದ ಕೋಟು ಕುರ್ಚಿಯ ಬೆನ್ನಿಗೆ ನೇತಾಡ್ತಿತ್ತು.

“ಯಾಕೆ ಬಿಚ್ಚಿಟ್ಟೆ?” ಅಂತ ರೇಗಿದೆ.

“ಸೆಕೆ ಕಣೇ” ಅಂದಳು.