ಗೌರಿಯ ಹಲಸಿನ ಮರ

ಗೌರಿಯನ್ನು ದೆವ್ವ ಮಾಡಿದವನು ನಾನು. ಈ ಮಾತನ್ನು ಇಷ್ಟು ವರ್ಷ ನುಂಗಿಕೊಂಡೇ ಇದ್ದೆ. ಇನ್ನು ಆಗುವುದಿಲ್ಲ — ಸುಸ್ತಾಗಿದೆ.

ತೊಂಬತ್ತರ ದಶಕದಲ್ಲಿ ವನಗೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಕಥೆ ಬರೆಯುವ ಹುಚ್ಚಿತ್ತು. ಕೂಲಿಯಾಳುಗಳ ಲೈನ್‌ಮನೆಯ ಸಾಕಮ್ಮ ಒಂದು ದಿನ ಕಾಫಿ ಬೀಜ ಆರಿಸುತ್ತ ತನ್ನ ತಂಗಿ ಗೌರಿಯ ವಿಷಯ ಹೇಳಿದಳು. ತುಂಬು ಬಸುರಿ. ನೋವು ಬಂದು ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ಯುವಾಗ, ತಿರುವಿನ ಹಲಸಿನ ಮರದ ಹತ್ತಿರ ಜೀವ ಹೋಯಿತಂತೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ಸಾಕಮ್ಮ ಆ ಮರದ ಬುಡದಲ್ಲಿ ಎಡೆ ಇಡುತ್ತಿದ್ದಳು — ಅನ್ನ, ಹಸಿರು ಬಳೆ, ಮಾವಿನ ಉಪ್ಪಿನಕಾಯಿ.

"ಬಸುರೀಲಿ ಹುಳಿ ಅಂದ್ರೆ ಪ್ರಾಣ ಬುಡೋಳು ಕಣಣ್ಣ," ಎಂದು ನಕ್ಕಿದ್ದಳು.

ಆಗ ನಾನು ಭಯದ ಕಥೆಗಳ ಸಂಕಲನವೊಂದಕ್ಕೆ ಹತ್ತು ಕಥೆ ಬರೆದು, ಹನ್ನೊಂದನೆಯದಕ್ಕೆ ತಿಣುಕುತ್ತಿದ್ದೆ. ಗೌರಿ ಸಿಕ್ಕಳು. ಹೆಸರು ಬದಲಿಸಿದೆ, ಅಷ್ಟೇ. ತಿರುವು ಅದೇ, ಮರ ಅದೇ, ಬಳೆಯೂ ಅದೇ. ಉಪ್ಪಿನಕಾಯಿಗೆ ಆಸೆಪಟ್ಟ ಹುಡುಗಿಯನ್ನು ಜೀಪಿನವರ ರಕ್ತ ಹೀರುವವಳನ್ನಾಗಿ ಮಾಡಿದೆ. ನಾಚಿಕೆಯಾಗಬೇಕಿತ್ತು — ಹೆಮ್ಮೆಯಾಯಿತು.

ಪುಸ್ತಕ ಬಾಳ್ಳುಪೇಟೆಯ ಅಂಗಡಿಗಳಲ್ಲಿ ಚೆನ್ನಾಗಿಯೇ ಖರ್ಚಾಯಿತು. ಜೀಪ್ ಡ್ರೈವರುಗಳು ಕೈಯಿಂದ ಕೈಗೆ ದಾಟಿಸಿ ಓದಿದರು, ಜಾಗದ ಗುರುತು ಹಿಡಿದರು. ಮಂತ್ರವಾದಿಯೊಬ್ಬನನ್ನು ಕರೆಸಿ, ದೆವ್ವ ಹೊರಗೆ ಬಾರದಂತೆ ಮರಕ್ಕೆ ಕಬ್ಬಿಣದ ಮೊಳೆ ಹೊಡೆಸಿದರು.

ಆ ವರ್ಷದ ಮಹಾಲಯ ಅಮಾವಾಸ್ಯೆ ದಿನ ಸಾಕಮ್ಮ ಎಡೆಯ ಬುಟ್ಟಿಯನ್ನು ಹಾಗೇ ಹೊತ್ತು ಸ್ಟೋರಿಗೆ ಬಂದಳು.

"ನನ್ ತಂಗಿ ಯಾರಿಗೇನ್ ಮಾಡಿದ್ಳಣ್ಣ? ಮೊಳೆ ಹೊಡ್ದು ಕಟ್ಟಾಕ್ಬುಟ್ಟವ್ರೆ. ಓದ್ದೋರು ನೀವು, ಯಾಕೆ ಅಂತ ಏನಾರ ಗೊತ್ತಾ?"

"ಗೊತ್ತಿಲ್ಲ ಸಾಕಮ್ಮ," ಎಂದೆ.

ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಆಕೆಗೆ ಓದು ಬಾರದು — ಆ ಧೈರ್ಯ ನನಗೆ. ಅಳುತ್ತ ಹೋದಳು. ನಾನು ಕೂತಲ್ಲೇ ಕೂತಿದ್ದೆ.

ಮರುವರ್ಷ ಆಕೆ ಎಡೆ ಇಡಲಿಲ್ಲ. ಯಾಕೆಂದು ಕೇಳುವಷ್ಟು ಮಾನಗೇಡಿಯೂ ಆದೆ.

"ಮರದೊಳಗೆ ಕಟ್ಟಾಕವ್ರಲ್ಲ, ಉಣ್ಣಕ್ಕೆ ಹೆಂಗ್ ಬತ್ತಾಳೆ?" ಎಂದಳು.

ದೆವ್ವಗಳನ್ನು ನಾನು ಎಂದೂ ನಂಬಿದವನಲ್ಲ. ಆದರೆ ಸಾಕಮ್ಮ ನಂಬಿದ್ದಾಳೆ, ತಂಗಿ ಇಷ್ಟೂ ವರ್ಷ ಹಸಿದಿದ್ದಾಳೆ ಎಂದು.

ಆಕೆ ಇನ್ನೂ ಅದೇ ಲೈನ್‌ಮನೆಯಲ್ಲಿದ್ದಾಳಂತೆ. ಈ ಭಾನುವಾರ ಹೋಗುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನಿನ್ನ ತಂಗಿ ಯಾರಿಗೂ ಏನೂ ಮಾಡಿರಲಿಲ್ಲ, ಮಾಡಿದವನು ನಾನು ಎಂದು ಹೇಳಿ, ಆಕೆ ಏನಂದರೂ ನಿಂತು ಕೇಳಬೇಕು.