ಕಣ್ಣಿಗೆ ಹೊಂದಿಸುವ ಗಾಲಿ

“ನಮ್ಮ ವಂಶದಲ್ಲಿ ಯಾರು ಡಿಗ್ರಿ ಮಾಡವ್ರೆ, ಇವ್ಳು ಮಾಡಕ್ಕೆ?” ಎಂದವರು ನನ್ನ ದೊಡ್ಡಪ್ಪ. ಒಂದು ವಿಷಯದ ಪರೀಕ್ಷೆ ಎರಡು ಸಲ ಬರೆದೆ, ಆದರೂ ಡಿಗ್ರಿ ಮಾಡಿದೆ. ಅದನ್ನು ಪಡೆದ ದಿನ ನೆನೆದರೆ ಮೊದಲು ಕಣ್ಮುಂದೆ ಬರುವವರು ಅರಸೀಕೆರೆಯ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು.

ಫೋಟೊ ಹುಚ್ಚಿನವರು ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಅವರನ್ನು ಕೇಳುತ್ತಿದ್ದರು. ಅವರು ಅದನ್ನು ಪರೀಕ್ಷೆಗೆಂದು ತರಿಸಿಕೊಂಡು ಹಳೇಬೀಡಿಗೆ ಒಯ್ದು, ಬಸದಿಯೊಳಗಿನ ನುಣುಪು ಕಂಬಗಳನ್ನು ಮಬ್ಬು ಬೆಳಕಿನಲ್ಲೇ ತೆಗೆಯುವರು. ಕಂಬದಲ್ಲಿ ಕಾಣುವ ಪ್ರತಿಬಿಂಬ ಫೋಟೊದಲ್ಲೂ ಮೂಡಿದರೆ ಮಾತ್ರ ತಲೆಯಾಡಿಸುವರು. ಯಾರಾದರೂ ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿ “ಬರೀ ಮಸುಕು ಕಣ್ರೀ, ಡಬ್ಬಾ ಇದು” ಎಂದರೆ, ಕಿಂಡಿಯ ಪಕ್ಕದ ಪುಟ್ಟ ಗಾಲಿ ತೋರಿಸಿ “ಮೊದ್ಲು ನಿಮ್ಮ ಕಣ್ಣಿಗೆ ಹೊಂದಿಸ್ಕೊಳ್ಳಿ, ಆಮೇಲೆ ಬೈಯಿರಿ” ಎನ್ನುವರು. ಕಾಂಪೌಂಡಿನ ಈಚೆ ಕೇಳಿ ಕೇಳಿ ಅವ್ವನಿಗೂ ಆ ಮಾತು ಬಾಯಿಪಾಠವಾಗಿತ್ತು.

ನನ್ನ ಘಟಿಕೋತ್ಸವಕ್ಕೆ ಅವ್ವ, ದೊಡ್ಡಪ್ಪನ ಜೊತೆ ಅವರೂ ಬಂದರು. ಪರೀಕ್ಷಿಸಲು ಬಂದಿದ್ದ, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸಿನ ಕ್ಯಾಮೆರಾದಲ್ಲಿ ನನ್ನ ಫೋಟೊ ತೆಗೆಯುವುದೆಂದು ಮಾತಾಗಿತ್ತು. ಅವರಿಗೆಲ್ಲ ಕೂರಲು ಸಿಕ್ಕಿದ್ದು ಕೊನೆಯ ಸಾಲು.

“ನಂಗೆ ಒಂದು ಮುಖಾನೂ ಕಾಣಕಿಲ್ಲ. ಮಗಳು ಡಿಗ್ರಿ ಇಸ್ಕೊಳ್ಳೋದು ನೋಡ್ದೇನೇ ವಾಪಸ್ ಹೋಗ್ಬೇಕಾ?” ಎಂದು ಅವ್ವ ಅಳುಮುಖ ಮಾಡಿದಳಂತೆ.

ಅವರು ಕ್ಯಾಮೆರಾವನ್ನೇ ಅವಳ ಕೈಗಿಟ್ಟು, ಸರಿಯಾಗಿ ಕಾಣುವವರೆಗೂ ಗಾಲಿ ತಿರುಗಿಸಿದರಂತೆ.

“ಮತ್ತೆ ಫೋಟೊ?” ಎಂದು ದೊಡ್ಡಪ್ಪ ಕೇಳಿದರಂತೆ.

“ಇರ್ಲಿ ಬಿಡಿ, ಅವ್ರು ನೋಡ್ಲಿ” ಎಂದರಂತೆ ಪಕ್ಕದ ಮನೆಯವರು.

ವೇದಿಕೆಯ ಮೇಲೆ ಪದವಿಪತ್ರ ನನ್ನ ಕೈಗೆ ಬಂತು. ಕೊನೆಯ ಸಾಲಿನಲ್ಲಿ ಅವ್ವ ಕ್ಯಾಮೆರಾವನ್ನು ದೊಡ್ಡಪ್ಪನತ್ತ ಚಾಚಿದಳಂತೆ: “ಇಸ್ಕೊಂಡ್ಲು ನೋಡಿ ಭಾವ. ಕಾಣ್ದಿದ್ರೆ ಮೊದ್ಲು ನಿಮ್ಮ ಕಣ್ಣಿಗೆ ಹೊಂದಿಸ್ಕೊಳ್ಳಿ.”