ಅಣ್ಣಾಜಿ ಮಾಸ್ತರರು ಮತ್ತು ಹೆಲ್ಮೆಟ್ಟಿನವನು

ಹಾವೇರಿಯ ಅಣ್ಣಾಜಿ ಮಾಸ್ತರರು ಯಾರನ್ನೂ ಸುಲಭಕ್ಕೆ ನಂಬುವ ಜಾತಿಯವರಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಅಂತ ಲೆಕ್ಕ. ಡಾಕ್ಟರು ಏನೂ ಆಗಿಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ಲೆಕ್ಕ. "ನಿಮಗ ನಿಮ್ಮ ನೆರಳಿನ ಮ್ಯಾಲೂ ಸಂಶಯ" ಎಂದು ಹೆಂಡತಿ ಮಥುರಾಬಾಯಿ ಬೈದೂ ಬೈದೂ ಸೋತಿದ್ದರು.

ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಪಡಸಾಲೆಯಲ್ಲಿ ಇಂಗ್ಲಿಷ್ ಕ್ಲಾಸು ಶುರು ಮಾಡಿದ್ದರು. ಒಳಗೆ ಬರುವವರು ಮೊಬೈಲನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು. ಎಂಥ ದಡ್ಡನಿಗೂ ಅದು ಚೆಂದದ ಇಂಗ್ಲಿಷ್ ಬರೆದುಕೊಡುತ್ತದಲ್ಲ, ಅದು ಅವರ ದೊಡ್ಡ ತಲೆನೋವು. ಹಾಗಾಗಿ ಅಲ್ಲಿ ಬರೆಯುವ ಮಾತಿಲ್ಲ. ಎದ್ದು ನಿಂತು ಬಾಯಲ್ಲೇ ಹೇಳಬೇಕು, ಅದೂ ಸ್ವಂತ ಮನೆಯ ಸಂಗತಿ.

ಆ ವಾರ 'ಇಫ್' ಪಾಠ. "ಮಳಿ ಬಂದರ ಮನ್ಯಾಗ ಇರ್ತೀನಿ. ಇದು ಆಗೂ ಮಾತು: ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ. ನಾನು ಡಿಸಿ ಆಗಿದ್ದರ ಈ ರಸ್ತಾ ಮಾಡಸ್ತಿದ್ದೆ. ಇದು ಬರೇ ಕಲ್ಪನಾ: ಇಫ್ ಐ ವರ್ ದ ಡಿಸಿ, ಐ ವುಡ್. ನಿನ್ನೆ ಲಗೂ ಎದ್ದಿದ್ದರ ಬಸ್ ಸಿಗ್ತಿತ್ತು. ಇದು ಕೈತಪ್ಪಿ ಹೋದದ್ದು: ಇಫ್ ಐ ಹ್ಯಾಡ್, ಐ ವುಡ್ ಹ್ಯಾವ್. ಯಾವುದಕ್ಕ ಯಾವ ರೂಪ ಅಂತ ಮೊದಲ ಮನಸ್ಸಿನ್ಯಾಗ ಆರಿಸ್ಕೋರಿ, ಆಮ್ಯಾಲೆ ಬಾಯಿ ತಗೀರಿ."

ಕರ್ಜಗಿಯ ಸುರೇಖಾ ಮೊದಲ ಎರಡನ್ನೂ ಪಟಪಟ ಹೇಳಿದಳು. ಮೂರನೆಯದಕ್ಕೆ ಬಾಯಿ ಕಟ್ಟಿತು. "ಸರ್, ಬ್ಯಾರೆ ಕೇಳ್ರಿ" ಎಂದಳು. ಮರುದಿನವೂ ಅದೇ ಮಾತು. ಸೋಮವಾರ ಅವಳಿಗೆ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಇತ್ತು. ಗಿರಾಕಿಗೆ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅಲ್ಲಿ ಕೇಳಿಯೇ ಕೇಳುತ್ತಾರೆ. ಬಾಯಿ ಬಿಡದಿದ್ದರೆ ಕೆಲಸ ಹೋದಂತೆಯೇ.

ಜಾಣ ಹುಡುಗಿ, ಹಳೆಯ ಮಾತು ಬಂದರೆ ಮಾತ್ರ ಯಾಕೆ ಹೆದರುತ್ತಾಳೆ? ಕ್ಲಾಸಿಗೂ ತಾನೊಬ್ಬಳೇ ಬಂದು ಹೆಸರು ಹಚ್ಚಿದವಳು. ಸಾಲದ್ದಕ್ಕೆ, ಕ್ಲಾಸು ಬಿಡುವ ಹೊತ್ತಿಗೆ ಓಣಿಯ ಮೂಲೆಯಲ್ಲಿ ಒಬ್ಬ ಬೈಕಿನವನು ಬಂದು ನಿಲ್ಲುತ್ತಿದ್ದ. ಕಪ್ಪು ಹೆಲ್ಮೆಟ್ಟು, ಅದಕ್ಕೊಂದು ಹಸಿರು ಪಟ್ಟಿ. ಒಂದು ದಿನವೂ ಮುಖ ತೋರಿಸಿದವನಲ್ಲ. ಅವಳು ಮಾತಿಲ್ಲದೆ ಹಿಂದೆ ಕೂತು ಹೋಗುತ್ತಿದ್ದಳು. ಮಾಸ್ತರರಿಗೆ ನಿದ್ದೆ ಬರದಾಯಿತು. ಹಡೆದವರಿಗೆ ತಿಳಿಸಲೇಬೇಕೆಂದು ಭಾನುವಾರ ಕರ್ಜಗಿಯ ಬಸ್ಸು ಹತ್ತಿದರು.

"ಬರ್ರಿ ಸರ್, ಕುಂದ್ರಿ" ಎಂದು ಸುರೇಖಾಳ ತಂದೆ ಅಜ್ಜಪ್ಪ ಕಂಬಳಿ ಹಾಸಿದ. ಸುರೇಖಾ ಗೋಡೆಗೆ ಅಂಟಿ ನಿಂತಳು.

"ತಪ್ಪು ತಿಳಿಬ್ಯಾಡ್ರಿ. ನಿಮ್ಮ ಮಗಳನ್ನ ಯಾರೋ ಒಬ್ಬಾಂವ ದಿನಾ ಕರಕೊಂಡು ಹೋಗ್ತಾನ. ಕರೀ ಹೆಲ್ಮೆಟ್..." ಎನ್ನುತ್ತಲೇ ಮಾಸ್ತರರ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. ಹಸಿರು ಪಟ್ಟಿಯ ಹೆಲ್ಮೆಟ್ಟು ಅಲ್ಲೇ ತೂಗುತ್ತಿತ್ತು. ಪಕ್ಕದಲ್ಲಿ ಒಬ್ಬ ತರುಣನ ಫೋಟೋ, ಅದಕ್ಕೆ ಹಾರ.

"ಆಂವ ನಾನೇ ರಿ" ಎಂದ ಅಜ್ಜಪ್ಪ. "ಮನಿ ಮುಟ್ಟೂತನಾ ಅದನ್ನ ತಗಿಯಂಗಿಲ್ಲ."

ಮಾಸ್ತರರಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅಯ್ಯ, ಇದನ್ನ ಮೊದಲ ಹೇಳಿದ್ದರ ನಾನು..."

ಅಜ್ಜಪ್ಪ ಕೈ ಅಡ್ಡ ಹಿಡಿದ. "ಸರ್, ಹಂಗ ಮಾಡಿದ್ರ, ಹಿಂಗ ಮಾಡಿದ್ರ ಅನ್ನೂ ಮಾತು ನಮ್ಮ ಮನ್ಯಾಗ ಆಡಂಗಿಲ್ಲರಿ. ಮಗ ಸುನೀಲಕುಮಾರ ಹೈವೇದಾಗ ಬೈಕ್ ಮ್ಯಾಲಿಂದ ಬಿದ್ದು ಹೋದ. ಮಾತಾಡಸಾಕ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದ್ರು. ಹೆಲ್ಮೆಟ್ ಹಾಕಿದ್ರ ಉಳೀತಿದ್ದ. ಚಾ ಕುಡದು ಹೋಗಿದ್ರ ಉಳೀತಿದ್ದ. ಕೇಳಿ ಕೇಳಿ ಇವರವ್ವ ಉಣ್ಣೂದು ಬಿಟ್ಲು. ಆ ಮಾತು ಮನ್ಯಾಗೂ ಬ್ಯಾಡ, ಹೊರಗೂ ಬ್ಯಾಡ ಅಂತ ನಾನೇ ತಾಕೀತು ಮಾಡೇನಿ."

"ನಾಳೆ ಇಂಟರ್‌ವ್ಯೂದಾಗ ಅದನ್ನೇ ಕೇಳ್ತಾರಲ್ರಿ."

"ಬ್ಯಾರೆ ಏನರ ಕಲಸ್ರಿ" ಎಂದ ಅಜ್ಜಪ್ಪ. ಹಿತ್ತಲಲ್ಲಿ ಎಮ್ಮೆ ಒದರಿತು, ಎದ್ದು ಹೋದ.

ಅಷ್ಟು ಹೊತ್ತೂ ಬಾಗಿಲ ಮರೆಯಲ್ಲಿದ್ದ ಅವನ ಹೆಂಡತಿ ಸುಶೀಲವ್ವ ಚಹಾ ತಂದಿಟ್ಟಳು. ಇನ್ನು ಕ್ಲಾಸು ಬಿಡಿಸುತ್ತೇವೆ ಎನ್ನಲು ಬಂದಿದ್ದಾಳೆ ಎಂದುಕೊಂಡರು ಮಾಸ್ತರರು. ಅವಳು ಹಿತ್ತಲ ಕಡೆ ನೋಡಿದಳು.

"ಸರ್, ಇಂಗ್ಲಿಷ್‌ನ್ಯಾಗ ಅಂದ್ರ ಇವರಿಗೆ ತಿಳಿಯಂಗಿಲ್ಲ, ಹೌದಲ್ರಿ?"

"ತಿಳಿಯೂದಿಲ್ಲ."

"ಹಂಗಾರ ಆಕೀಗೆ ಕಲಸ್ರಿ." ಸೆರಗನ್ನು ಬಾಯಿಗೆ ಹಿಡಿದು ಮತ್ತೆ ತೆಗೆದಳು. "ನನಗೂ ಒಂದು ಕಲಸ್ರಿ. ಚಾ ಕುಡದು ಹೋಗಿದ್ರ ಅನ್ನೂದು. ಅವತ್ತ ಒಲಿ ಹಚ್ಚಾಕ ತಡಾ ಮಾಡಿದಾಕಿ ನಾನೇ ರಿ."

ಅಣ್ಣಾಜಿ ಮಾಸ್ತರರು ತಾವೂ ಒಮ್ಮೆ ಹಿತ್ತಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: ಇಫ್ ಹಿ ಹ್ಯಾಡ್. ಸುಶೀಲವ್ವ ಅಂದಳು. ಗೋಡೆಯ ಕಡೆಯಿಂದ ಸುರೇಖಾಳೂ ಅಂದಳು.